ಬಳ್ಳಿಗಾವೆಯ ಕೋಡಿಯ ಮಠದ ಶಾಸನ: ಒಂದು ವಿಮರ್ಶೆ

ಈಗ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಒಂದು ಸಣ್ಣ ಊರಾಗಿ ಉಳಿದಿರುವ ಬಳ್ಳಿಗಾವೆಯು ಚಾಲುಕ್ಯರ ಮತ್ತು ಕಳಚೂರ್ಯರ ಕಾಲದಲ್ಲಿ ಬನವಾಸಿ ೧೨೦೦೦ ನಾಡಿನ ರಾಜಧಾನಿಯಾಗಿದ್ದಿತು. ಅಲ್ಲಿಯ ಶಾಸನಗಳನ್ನು ರೈಸರು ೧೯೦೨ರಲ್ಲಿ 'ಎಪಿಗ್ರಾಫಿಯ ಕರ್ನಾಟಿಕ'ದ ೭ನೆಯ ಸಂಪುಟದಲ್ಲಿ ಪ್ರಕಟಿಸಿದ ಮೇಲೆ ಆ ನಗರದ ಪೂರ್ವವೈಭವವು ವಿದ್ವಾಂಸರಿಗೆ ಪರಿಚಿತವಾಗಿರುವುದಷ್ಟೆ. ಆ ಶಾಸನರಾಶಿಯಲ್ಲಿ ಕ್ರಿ. ಶ. ೧೧೬೨ರ ಒಂದು ಶಾಸನವು ಮಿಕ್ಕವುಗಳಿಗಿಂತ ಹೆಚ್ಚಾಗಿ ಉದಾಹೃತವಾಗಿದೆ. ಕಳಚೂರ್ಯ ಬಿಜ್ಜಳನು ದಕ್ಷಿಣ ಕೇದಾರೇಶ್ವರ ದೇವಾಲಯಕ್ಕೂ ಅದರೊಡನಿದ್ದ ಕೋಡಿಯ ಮಠಕ್ಕೂ ಮಾಡಿದ ದತ್ತಿಯನ್ನು ತಿಳಿಸುವ ಶಾಸನವಿದು. ಇದರಲ್ಲಿ ಮಠವನ್ನು ವರ್ಣಿಸುವ ಒಂದು ಗದ್ಯಖಂಡವನ್ನು ಫ್ಲೀಟರು ಹತ್ತೊಂಬತ್ತನೆಯ ಶತಮಾನದಲ್ಲಿಯೇ ಇಂಗ್ಲಿಷಿಗೆ ಪರಿವರ್ತಿಸಿದರು. ಅಲ್ಲಿಂದೀಚೆಗೆ ಕರ್ನಾಟಕದ ಪ್ರಾಚೀನ ವಿದ್ಯಾಭ್ಯಾಸ, ವೈದ್ಯ, ಅನ್ನದಾನ, ಧರ್ಮಸಂಸ್ಥೆ ಇವುಗಳ ವಿಷಯವಾಗಿ ಬರೆದವರಲ್ಲಿ ಆ ಖಂಡವನ್ನು ಎತ್ತಿ ತೋರಿಸದವರು ವಿರಳ.

ಹೀಗೆ ಪ್ರಸಿದ್ಧವಾದ ಬರಹವನ್ನು ಬರಹವೆಂದು ಓದಿದವರು ಮಾತ್ರ ಹೆಚ್ಚಿಲ್ಲ. ಚರಿತ್ರಕಾರರು ಅದನ್ನು ಸಾಕ್ಷ್ಯವೆಂದು ತೆಗೆದುಕೊಂಡು, ಅದರೊಳಗಿನ ಒಂದೊಂದು ಪದಕ್ಕೂ ಒಂದೊಂದು ಸಂಸ್ಥೆಯನ್ನು ಕಲ್ಪಿಸಿ, ಇಲ್ಲಿ ವಿಶ್ವವಿದ್ಯಾನಿಲಯವಿದ್ದಿತು, ಇಲ್ಲಿ ಆಸ್ಪತ್ರೆಯಿದ್ದಿತು, ಇಲ್ಲಿ ಅನಾಥಾಲಯವಿದ್ದಿತು ಎಂದು ಪಟ್ಟಿ ಮಾಡುವರು. ಸಾಹಿತ್ಯದ ಅಧ್ಯಾಪಕರಾದರೋ ಇದು ದಾನಶಾಸನದ ರೂಢಿಯ ಹೊಗಳಿಕೆಯೆಂದು ಪಕ್ಕಕ್ಕಿಡುವರು. ಒಂದು ಪಕ್ಷಕ್ಕೆ ಇದರಲ್ಲಿ ಅಲಂಕಾರವೇ ಇಲ್ಲ. ಇನ್ನೊಂದಕ್ಕೆ ಅಲಂಕಾರವಲ್ಲದೆ ಬೇರೇನೂ ಇಲ್ಲ. ಒಂದು ನಗರವು ತನ್ನ ದೀನರಿಗಾಗಿ ಏನು ಮಾಡುತ್ತಿದ್ದಿತೆಂಬುದು ಸಣ್ಣ ಪ್ರಶ್ನೆಯಲ್ಲ. ಅದನ್ನು ಹೇಳುವ ಬರಹವು ಎಷ್ಟರಮಟ್ಟಿಗೆ ವಿಶ್ವಾಸಾರ್ಹವೆಂಬುದು ಆ ಬರಹದ ಕಟ್ಟಡವನ್ನು ನೋಡದೆ ನಿರ್ಣಯವಾಗತಕ್ಕದ್ದೂ ಅಲ್ಲ.

ಗದ್ಯಖಂಡದ ಕ್ರಮ ಹೀಗಿದೆ. ಮಠವು ಇಂತಿಂತಹುದಕ್ಕೆ ಸ್ಥಾನವೆಂದು ಹೇಳುವ ತುಂಡುಗಳು ಒಂದರ ಮೇಲೊಂದು ಬರುವುವು. 'ಸ್ಥಾನ' ಎಂಬ ಪದವೇ ಪ್ರತಿಯೊಂದು ತುಂಡಿಗೂ ಮುಕ್ತಾಯ. ಓದುವವನ ಕಿವಿಗೆ ಅದು ತಾಳ ಹಾಕಿದಂತೆ ಕೇಳುವುದು. ಮೊದಲು ನೈಷ್ಠಿಕ ಬ್ರಹ್ಮಚರ್ಯವನ್ನು ಹಿಡಿದ ಶೈವತಪಸ್ವಿಗಳ ಅನುಷ್ಠಾನ. ಆಮೇಲೆ ಸಾಂಗವಾದ ನಾಲ್ಕು ವೇದಗಳ ಅಧ್ಯಯನ. ಅನಂತರ ಕೌಮಾರ, ಪಾಣಿನೀಯ, ಶಾಕಟಾಯನವೇ ಮೊದಲಾದ ವ್ಯಾಕರಣಗಳ ವ್ಯಾಖ್ಯಾನ. ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ ಮುಂತಾದ ದರ್ಶನಗಳ ವ್ಯಾಖ್ಯಾನ. ಲಾಕುಳ ಸಿದ್ಧಾಂತ ಮತ್ತು ಪಾತಂಜಲಾದಿ ಯೋಗಶಾಸ್ತ್ರಗಳ ವ್ಯಾಖ್ಯಾನ. ಪುರಾಣ, ಧರ್ಮಶಾಸ್ತ್ರ, ಕಾವ್ಯ, ನಾಟಕಾದಿ ವಿದ್ಯೆಗಳು. ಇಲ್ಲಿಗೆ ವಿದ್ಯೆಯ ಭಾಗ ಮುಗಿಯಿತು. ಇದರ ಬೆನ್ನಿಗೆ ಅನ್ನದಾನದ ತುಂಡು ಬರುವುದು. ದೀನರು, ಅನಾಥರು, ಹೆಳವರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯಗಾರರು, ಕೊಳಲೂದುವವರು, ಕುಣಿಯುವವರು, ವೈತಾಳಿಕರು, ಬಟ್ಟೆಯಿಲ್ಲದವರು, ಅಂಗಭಂಗವಾದವರು, ಕ್ಷಪಣಕರು, ಏಕದಂಡಿಗಳು, ತ್ರಿದಂಡಿಗಳು, ಹಂಸ ಪರಮಹಂಸರು, ನಾನಾ ದೇಶಗಳಿಂದ ಬಂದ ಭಿಕ್ಷುಕರು, ಇವರೆಲ್ಲರಿಗೂ ಸದಾ ಅನ್ನ ದೊರೆಯುವ ಸ್ಥಾನವಿದು. ಕಡೆಯಲ್ಲಿ ಎರಡು ಕಿರಿಯ ತುಂಡುಗಳು: ದಿಕ್ಕಿಲ್ಲದ ರೋಗಿಗಳಿಗೆ ಔಷಧ ದೊರೆಯುವ ಸ್ಥಾನ, ಸಕಲ ಪ್ರಾಣಿಗಳಿಗೂ ಅಭಯ ದೊರೆಯುವ ಸ್ಥಾನ.

ಈ ಕ್ರಮವನ್ನು ಒಮ್ಮೆ ಹಿಂತಿರುಗಿ ನೋಡಿದರೆ ಒಂದು ಸಂಗತಿಯು ಹೊಳೆಯುವುದು. ಶಾಸ್ತ್ರ, ಆಹಾರ, ಭೈಷಜ್ಯ, ಅಭಯ: ಇವು ನಾಲ್ಕೂ ಜೈನರ ಚತುರ್ವಿಧ ದಾನಗಳು. ಕರ್ನಾಟಕದ ಜೈನ ಶಾಸನಗಳಲ್ಲಿ ದಾನಿಗಳಿಗೆ ಸಲ್ಲುವ ವಿಶೇಷಣಗಳನ್ನು ಬಲ್ಲವರಿಗೆ ಈ ನಾಲ್ಕು ಹೆಸರುಗಳ ಜೋಡಣೆಯು ಚಿರಪರಿಚಿತ. ಬಸದಿಗೆ ದತ್ತಿ ಬಿಟ್ಟ ಶ್ರಾವಕರಲ್ಲಿ ಈ ನಾಲ್ಕರಲ್ಲಿ ವಿನೋದವುಳ್ಳವರೆಂದು ಹೊಗಳಿಸಿಕೊಳ್ಳದವರು ಕಡಮೆ. ಕೋಡಿಯ ಮಠವಾದರೋ ಕಾಳಾಮುಖ ಶೈವರದು, ಶಕ್ತಿಪರಿಷೆಯ ಮೂವರ ಕೋಣೆಯ ಸಂತತಿಗೆ ಸೇರಿದುದು. ಅಂತಹ ಮಠದ ಮಹಿಮೆಯನ್ನು ಹೇಳಹೊರಟ ಶಾಸನಕವಿಯು ಆಶ್ರಯಿಸಿದ ಅಸ್ಥಿಪಂಜರವು ಜೈನರದು. ಅವನು ಇದನ್ನು ಬುದ್ಧಿಪೂರ್ವಕವಾಗಿ ಎರವಲು ತಂದನೆಂದು ಹೇಳಬೇಕಾಗಿಲ್ಲ. ಒಂದು ಊರಿನಲ್ಲಿ ನೂರಾರು ವರ್ಷ ಕೂಡಿ ಬಾಳಿದ ಮತಗಳ ನಡುವೆ 'ಧರ್ಮವೆಂದರೆ ಏನೇನು' ಎಂಬ ಲೆಕ್ಕವು ಯಾರ ಸೊತ್ತೂ ಅಲ್ಲದೆ ಎಲ್ಲರ ಸೊತ್ತಾಗಿ ಹೋಗಿರಬಹುದು. ಶಾಕಟಾಯನ ವ್ಯಾಕರಣವು ಜೈನಾಚಾರ್ಯನ ಗ್ರಂಥವೆಂಬುದನ್ನೂ, ಬೌದ್ಧದರ್ಶನವು ಇಲ್ಲಿ ವ್ಯಾಖ್ಯಾನಯೋಗ್ಯವಾದ ದರ್ಶನಗಳ ಸಾಲಿನಲ್ಲಿಯೇ ಎಣಿಸಲ್ಪಟ್ಟಿದೆ ಎಂಬುದನ್ನೂ ಇದರೊಡನೆ ಸೇರಿಸಿ ನೋಡತಕ್ಕದ್ದು.

ಬಳ್ಳಿಗಾವೆಯ ಮಿಕ್ಕ ಶಾಸನಗಳು ಈ ಊಹೆಗೆ ಬಲವನ್ನು ಕೊಡುತ್ತವೆ. ೧೦೩೬ರಲ್ಲಿ ಚಾಲುಕ್ಯ ಜಯಸಿಂಹನು ಪಂಚಲಿಂಗ ದೇವರ ಕಾಳಾಮುಖ ಬ್ರಹ್ಮಚಾರಿ ಸ್ಥಾನಕ್ಕೆ ಕೊಟ್ಟ ದತ್ತಿಯಲ್ಲಿ ವಿದ್ಯಾರ್ಥಿಗಳ ಮತ್ತು ತಪಸ್ವಿಗಳ ಅನ್ನವಸ್ತ್ರಗಳ ವಿಚಾರವಿದೆ. ೧೦೪೮ರಲ್ಲಿ ಚಾವುಂಡರಾಯನು ಜಜಾಹುತಿ ಶಾಂತಿನಾಥನ ಬಸದಿಗೆ ಭೂಮಿಯನ್ನು ಬಿಟ್ಟನು. ಅದರ ಹಿಂದಿನ ವರ್ಷವೇ ಜಗದೇಕಮಲ್ಲೇಶ್ವರ ದೇವರ ಮುಂದೆ ಗಂಡಭೇರುಂಡ ಸ್ತಂಭವನ್ನು ನಿಲ್ಲಿಸಿದವನೂ ಇವನೇ. ೧೦೬೫ರಲ್ಲಿ ದಂಡನಾಯಕ ರೂಪಭಟ್ಟಯ್ಯನು ಜಯಂತಿ ಬೌದ್ಧ ವಿಹಾರವನ್ನು ಕಟ್ಟಿಸಿ ತಾರಾಭಗವತಿ, ಲೋಕೇಶ್ವರ ಮುಂತಾದವರ ಪೂಜೆಗೂ, ಅವರೊಡನೆಯೇ ಕೇಶವನ ಪೂಜೆಗೂ, ಯೋಗಿಗಳ ಮತ್ತು ಸಂನ್ಯಾಸಿಗಳ ಅನ್ನಕ್ಕೂ ಏರ್ಪಾಡು ಮಾಡಿದನು. ೧೦೬೮ರಲ್ಲಿ 'ಸುಕುಮಾರಚರಿತೆ'ಯ ಕವಿಯಾದ ಶಾಂತಿನಾಥನು ತನ್ನ ಒಡೆಯ ಲಕ್ಷ್ಮನೃಪನಿಗೆ ಬಿನ್ನೈಸಿ ಮಲ್ಲಿಕಾಮೋದ ಶಾಂತಿನಾಥನ ಬಸದಿಯನ್ನು ಕಲ್ಲಿನಲ್ಲಿ ಕಟ್ಟಿಸಿದುದು ಸಾಹಿತ್ಯಚರಿತ್ರೆಯನ್ನು ಓದಿದವರೆಲ್ಲರಿಗೂ ತಿಳಿದಿದೆ. ಹರಿ, ಹರ, ಕಮಲಾಸನ, ವೀತರಾಗ, ಬೌದ್ಧ ಎಂದು ಐದು ಮಠಗಳು ಈ ಪಟ್ಟಣಕ್ಕೆ ಭೂಷಣವೆಂದು ಇಲ್ಲಿಯ ಶಾಸನದಲ್ಲಿಯೇ ಹೇಳಿರುವುದುಂಟು. ಕೋಡಿಯ ಮಠವು ಮಾಡುತ್ತಿದ್ದ ಕಾರ್ಯವು ಆ ಪಂಥದ ವೈಶಿಷ್ಟ್ಯವೆನ್ನುವುದಕ್ಕಿಂತ ಆ ಪಟ್ಟಣದ ಪದ್ಧತಿಯೆನ್ನುವುದೇ ಹೆಚ್ಚು ಸರಿಯಾಗಿ ತೋರುತ್ತದೆ.

ಆದರೆ ಇಷ್ಟರಿಂದಲೇ ಮತಸಾಮರಸ್ಯದ ಚಿತ್ರವೊಂದನ್ನು ಬರೆದು ತೃಪ್ತಿಪಡುವುದು ಸಲ್ಲದು. ಇದೇ ಕಾಳಾಮುಖ ಪರಂಪರೆಯ ಆಚಾರ್ಯರನ್ನು ಇದೇ ಊರಿನ ಶಾಸನಗಳು ಪರಮತಗಳನ್ನು ಮುರಿದ ವಾದಿಗಳೆಂದೂ ಹೊಗಳುತ್ತವೆ. ೧೦೩೬ರ ಶಾಸನದ ಲಾಕುಳೀಶ್ವರ ಪಂಡಿತನು ಬೌದ್ಧರಿಗೂ ಮೀಮಾಂಸಕರಿಗೂ ಲೋಕಾಯತರಿಗೂ ದಿಗಂಬರರಿಗೂ ಏನೇನಾಗಿದ್ದನೆಂಬುದನ್ನು ಹೇಳಲು ಅಲ್ಲಿಯ ಕವಿಯು ಕಡಲು, ಬೆಂಕಿ, ಬೆಟ್ಟ, ಸಿಡಿಲುಗಳನ್ನೆಲ್ಲ ತಂದು ಮುಗಿಸಿದ್ದಾನೆ. ಅಲ್ಲಿ ವಾದದ ಗುರಿಯಾಗಿ ಬಂದ ದಿಗಂಬರನು ೧೧೬೨ರ ಶಾಸನದಲ್ಲಿ ಕ್ಷಪಣಕನೆಂಬ ಹೆಸರಿನಿಂದ ಊಟದ ಸಾಲಿನಲ್ಲಿ ಕುಳಿತಿರುವನು. ಎರಡೂ ಪ್ರಶಸ್ತಿಯೇ, ಎರಡೂ ಗದ್ಯವೇ, ಎರಡರಲ್ಲಿಯೂ ಸಮಾಸಗಳ ಹೊಳೆ ಹರಿಯುತ್ತದೆ. ಆದರೆ ಒಂದರಲ್ಲಿ ಪರಮತದವನು ಉಪಮಾನಗಳ ನಡುವೆ ಸಿಕ್ಕಿದ ಗುರಿ. ಇನ್ನೊಂದರಲ್ಲಿ ಹಸಿದ ಮನುಷ್ಯ. ವಾದಸಭೆಯ ಬಾಗಿಲಿನಲ್ಲಿ ಕೇಳುತ್ತಿದ್ದ ಪ್ರಶ್ನೆಯನ್ನು ಅನ್ನಶಾಲೆಯ ಬಾಗಿಲಿನಲ್ಲಿ ಕೇಳುತ್ತಿರಲಿಲ್ಲವೆಂಬುದು ಈ ಎರಡು ಶಾಸನಗಳನ್ನು ಒಟ್ಟಿಗೆ ಓದಿದಾಗ ಮಾತ್ರ ತಿಳಿಯುವ ವಿಷಯ.

ಇನ್ನು ಈ ಖಂಡಕ್ಕೂ ಕಾವ್ಯಪರಂಪರೆಗೂ ಇರುವ ಸಂಬಂಧವನ್ನು ವಿಚಾರಿಸಬೇಕು. ಮಹಾಕಾವ್ಯಕ್ಕೆ ವಿಹಿತವಾದ ವರ್ಣನೆಗಳಲ್ಲಿ ಪುರವರ್ಣನೆಯು ಮುಖ್ಯವಾದುದು. ಪಂಪನಿಂದ ಮೊದಲುಗೊಂಡು ಚಂಪೂಕವಿಗಳು ವರ್ಣಿಸಿದ ಪಟ್ಟಣಗಳಲ್ಲಿ ಕೋಟೆಯಿದೆ, ಅಗಳಿದೆ, ಉದ್ಯಾನವಿದೆ, ಅಂಗಡಿಬೀದಿಯಿದೆ, ಸೂಳೆಗೇರಿಯಿದೆ, ಹೂವಾಡಗಿತ್ತಿಯರಿದ್ದಾರೆ. ಬಳ್ಳಿಗಾವೆಯ ನೆರೆಯಲ್ಲಿಯೇ ಇದ್ದ ಜಯಂತೀಪುರವನ್ನು, ಎಂದರೆ ಬನವಾಸಿಯನ್ನು, ಕಥಾನಾಯಕನ ಊರನ್ನಾಗಿ ಮಾಡಿಕೊಂಡ ನೇಮಿಚಂದ್ರನ 'ಲೀಲಾವತಿ'ಯು ಈ ಶಾಸನಕ್ಕೆ ಬಹು ದೂರವಲ್ಲದ ಕಾಲದ ಗ್ರಂಥ. ಅದರ ಲೋಕವೂ ಶೃಂಗಾರದ ಮತ್ತು ಸಂಪತ್ತಿನ ಲೋಕವೇ. ಕುರುಡನಿಗೂ ಹೆಳವನಿಗೂ ಈ ಕಾವ್ಯನಗರಗಳಲ್ಲಿ ಸಾಮಾನ್ಯವಾಗಿ ಎಡೆಯಿಲ್ಲ. ಎಡೆಯಿಲ್ಲದಿರುವುದು ಮರೆವಿನಿಂದಲ್ಲ, ಅಲಂಕಾರಶಾಸ್ತ್ರದ ಬಲದಿಂದ. ಪರಿಸಂಖ್ಯೆಯೆಂಬ ಅಲಂಕಾರವೊಂದಿದೆಯಷ್ಟೆ. ಆ ನಗರದಲ್ಲಿ ಬಡತನವೆಂಬುದು ಹೆಂಗಳೆಯರ ನಡುವಿನಲ್ಲಿ ಮಾತ್ರ, ವಕ್ರತೆಯೆಂಬುದು ಅವರ ಕುರುಳಿನಲ್ಲಿ ಮಾತ್ರ, ಬಂಧನವೆಂಬುದು ಕಾವ್ಯಗಳಲ್ಲಿ ಮಾತ್ರ ಎಂಬ ಬಗೆಯ ಶ್ಲೇಷೆಗಳಿಂದ ಸಂಸ್ಕೃತ ಕನ್ನಡ ಕವಿಗಳು ಪುರವನ್ನು ಹೊಗಳುತ್ತಾರೆ. ಈ ಚಮತ್ಕಾರದ ಒಳಗೆ ಒಂದು ಪ್ರತಿಜ್ಞೆಯಿದೆ: ಹೊಗಳತಕ್ಕ ಊರಿನಲ್ಲಿ ಬಡವನು ಇರಕೂಡದು. ಬಡತನವು ಕಾವ್ಯದೊಳಕ್ಕೆ ಬರಬೇಕಾದರೆ ಸೊಂಟವಾಗಿಯೇ ಬರಬೇಕು.

ಕೋಡಿಯ ಮಠದ ಕವಿಯು ಮುರಿದಿರುವುದು ಈ ಪ್ರತಿಜ್ಞೆಯನ್ನೇ. ಅವನ ಉದ್ದೇಶವು ಮುರಿಯುವುದಾಗಿರಲಿಲ್ಲ. ದಾನಶಾಸನದ ಅಗತ್ಯವು ಅವನಿಂದ ಮುರಿಸಿತು. ದತ್ತಿಯನ್ನು ಪಡೆಯತಕ್ಕ ಸ್ಥಾನವು ಅದಕ್ಕೆ ಯೋಗ್ಯವೆಂದು ತೋರಿಸಬೇಕಾಗಿದ್ದಿತು. ಯೋಗ್ಯತೆಯು ಅಲ್ಲಿ ಯಾರು ಯಾರು ಉಣ್ಣುತ್ತಾರೆಂಬುದರಲ್ಲಿದ್ದಿತು. ಉಣ್ಣುವವರನ್ನು ಹೇಳಹೊರಟಾಗ ಊರಿನಲ್ಲಿ ಹಸಿದವರಿದ್ದಾರೆಂದು ಒಪ್ಪಿಕೊಳ್ಳದೆ ವಿಧಿಯಿರಲಿಲ್ಲ. ಕಾವ್ಯದಲ್ಲಿ ಪುರದ ಹೆಮ್ಮೆಯು ಭಿಕ್ಷುಕನಿಲ್ಲದಿರುವುದರಲ್ಲಿ. ಶಾಸನದಲ್ಲಿ ಆ ಹೆಮ್ಮೆಯು ಭಿಕ್ಷುಕನಿಗೆ ಅನ್ನವಿರುವುದರಲ್ಲಿ. ಕನ್ನಡದ ಪುರವರ್ಣನೆಯ ಎಲ್ಲೆಯು ಇಲ್ಲಿ ಸದ್ದಿಲ್ಲದೆ ವಿಸ್ತಾರವಾಗಿರುವುದು. ಇದೇ ಮಠದ ಪ್ರಸಿದ್ಧ ಆಚಾರ್ಯನಾದ ವಾಮಶಕ್ತಿಯನ್ನು ಮುಂದಿನ ಒಂದು ಶಾಸನವು ವ್ಯಾಕರಣದಲ್ಲಿ ಪಾಣಿನಿಗೂ ನಾಟ್ಯದಲ್ಲಿ ಭರತನಿಗೂ ಕಾವ್ಯದಲ್ಲಿ ಸುಬಂಧುವಿಗೂ ಹೋಲಿಸಿದೆ. ಸುಬಂಧುವಾದರೋ ಶ್ಲೇಷೆಗೆ ಹೆಸರಾದವನು. ಶ್ಲೇಷಕವಿಯೊಡನೆ ಹೋಲಿಸಲ್ಪಟ್ಟ ಆಚಾರ್ಯನ ಮಠದಲ್ಲಿ ಬಡವರು ಶ್ಲೇಷೆಯಲ್ಲದೆ ಸಾಕ್ಷಾತ್ತಾಗಿ ಇದ್ದರೆಂಬುದು ಸ್ವಲ್ಪ ವಿನೋದವಾಗಿಯೇ ಇದೆ. ಆ ಹೋಲಿಕೆಗಳ ಸಾಲಿನಲ್ಲಿ ಚರಕನೂ ಸುಶ್ರುತನೂ ಇಲ್ಲದಿರುವುದನ್ನೂ ಗಮನಿಸಬೇಕು. ರೋಗಿಗಳಿಗೆ ಔಷಧ ಕೊಡುವ ಮಠದ ಒಡೆಯನಿಗೆ ವೈದ್ಯದ ಕೀರ್ತಿಯು ಬೇಕಾಗಿರಲಿಲ್ಲವೋ, ಔಷಧ ಕೊಡುವವರು ಬೇರೆಯವರಾಗಿದ್ದರೋ!

ರೂಢಿಯ ಮಾತು ಯಾವುದು, ಕಂಡು ಹೇಳಿದ ಮಾತು ಯಾವುದು ಎಂಬ ಪ್ರಶ್ನೆಯು ಇಲ್ಲಿ ಏಳುತ್ತದೆ. ದೀನ ಅನಾಥ ಎಂಬ ಜೋಡಿಯು ದಾನಶಾಸನಗಳಲ್ಲಿ ಹಳಸಿದ ಮಾತು. ಅದರಿಂದ ಏನನ್ನೂ ಸಾಧಿಸಲಾಗದು. ಹೆಳವ, ಕುರುಡ, ಕಿವುಡ ಎಂಬ ಮೂರನ್ನೂ ಒಬ್ಬ ಜಾಣ ಬರಹಗಾರನು ಕುಳಿತಲ್ಲಿಯೇ ಜೋಡಿಸಬಹುದು. ಆದರೆ ಅವರ ಬೆನ್ನಿಗೆ ಕಥೆಗಾರರು, ಗಾಯಕರು, ಕೊಳಲಿನವರು, ಕುಣಿಯುವವರು ಬಂದಿರುವುದು ಯಾವ ಧರ್ಮಶಾಸ್ತ್ರದ ಪಟ್ಟಿಯಿಂದಲೂ ಬಂದುದಾಗಿ ತೋರುವುದಿಲ್ಲ. ದಾನಪಾತ್ರರ ಲಕ್ಷಣವನ್ನು ಹೇಳುವ ಗ್ರಂಥಗಳು ನಟವಿಟಗಾಯಕರನ್ನು ಪಾತ್ರರ ಸಾಲಿನಿಂದ ಹೊರಗಿಡುವುದೇ ಹೆಚ್ಚು. ಅವರನ್ನು ಇಲ್ಲಿ ಅಂಗವಿಕಲರಿಗೂ ಸಂನ್ಯಾಸಿಗಳಿಗೂ ನಡುವೆ ಕೂರಿಸಿರುವುದಕ್ಕೆ ಅಲ್ಲಿಯ ವಾಸ್ತವಸ್ಥಿತಿಯೇ ಕಾರಣವಾಗಿರಬೇಕು. ದೇವರ ರಂಗಭೋಗಕ್ಕೆ ಬಂದ ಕಲಾವಿದರೂ ಜಾತ್ರೆಯಿಂದ ಜಾತ್ರೆಗೆ ಅಲೆಯುವ ಮೇಳದವರೂ ರಾಜಧಾನಿಯಲ್ಲಿ ಇದ್ದೇ ಇರುತ್ತಾರೆ. ಕೆಲಸ ಸಿಕ್ಕಿದ ದಿನ ಅವರು ಕಲಾವಿದರು, ಸಿಕ್ಕದ ದಿನ ಭಿಕ್ಷುಕರು.

'ನಗ್ನ', 'ಭಗ್ನ' ಎಂಬ ಎರಡು ಪದಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಬಟ್ಟೆಯಿಲ್ಲದವರು, ಅಂಗಭಂಗವಾದವರು ಎಂದು ಫ್ಲೀಟರ ಕಾಲದಿಂದ ಅರ್ಥ ಮಾಡುತ್ತ ಬಂದಿದ್ದಾರೆ. ಸಂಸ್ಕೃತ ನಿಘಂಟುಗಳಲ್ಲಿ 'ನಗ್ನ' ಎಂಬುದಕ್ಕೆ ಬಟ್ಟೆಯಿಲ್ಲದವನೆಂಬ ಅರ್ಥವಲ್ಲದೆ ವಂದಿಯೆಂಬ ಅರ್ಥವೂ ಕ್ಷಪಣಕನೆಂಬ ಅರ್ಥವೂ ಉಂಟು. ಶಾಸನದಲ್ಲಿ ಇದರ ಹಿಂದೆ ವೈತಾಳಿಕನೂ ಮುಂದೆ, ಒಂದು ಪದದ ಆಚೆಗೆ, ಕ್ಷಪಣಕನೂ ಇರುವುದರಿಂದ ಮೂರು ಅರ್ಥಗಳೂ ಸಂಭವಿಸುತ್ತವೆ. ಕುರುಡರೊಡನೆ ಬರಬೇಕಾಗಿದ್ದ 'ಭಗ್ನ'ವು ಇಷ್ಟು ದೂರ ಬಂದು ಕುಳಿತಿರುವುದಕ್ಕೆ ಶಬ್ದಸಾಮ್ಯವೇ ಕಾರಣವೆಂಬುದು ಸ್ಪಷ್ಟ. ಪ್ರಾಸದ ಮೋಹವು ಕವಿಯನ್ನು ಇಲ್ಲಿ ಗೆದ್ದಿದೆ. ಹೀಗೆ ಒಂದೇ ಸಮಾಸದ ಒಂದು ಭಾಗವು ಊರನ್ನು ನೋಡಿ ಬರೆದುದಾಗಿಯೂ ಇನ್ನೊಂದು ಭಾಗವು ಕಿವಿಗಾಗಿ ಬರೆದುದಾಗಿಯೂ ಇರಬಹುದು. ಪದಪದಕ್ಕೂ ಒಂದೊಂದು ಸಂಸ್ಥೆಯನ್ನು ಕಟ್ಟುವವರು ಈ ಜೋಡಿಪದದ ಮುಂದೆ ಒಂದು ಗಳಿಗೆ ನಿಲ್ಲಬೇಕು.

ಕವಿಯ ದೋಷವೊಂದನ್ನೂ ಹೇಳದೆ ಬಿಡಲಾಗದು. ವಿದ್ಯೆಯ ಭಾಗದಲ್ಲಿ ವೇದಕ್ಕೊಂದು ಸ್ಥಾನ, ವ್ಯಾಕರಣಕ್ಕೊಂದು ಸ್ಥಾನ, ದರ್ಶನಕ್ಕೊಂದು ಸ್ಥಾನವೆಂದು ಬಿಡಿಬಿಡಿಯಾಗಿ ಉಸಿರುತೆಗೆದು ಹೇಳಿದವನು, ಮನುಷ್ಯರ ಸರದಿ ಬಂದಾಗ ಕಿವುಡನಿಂದ ಪರಮಹಂಸನವರೆಗೆ ಎಲ್ಲರನ್ನೂ ಒಂದೇ ಸಮಾಸದೊಳಗೆ ನೂಕಿದ್ದಾನೆ. ಶಾಸ್ತ್ರಗ್ರಂಥಗಳಿಗೆ ಹೆಸರುಗಳಿವೆ; ಉಣ್ಣುವವರಿಗೆ ಜಾತಿವಾಚಕಗಳು ಮಾತ್ರ. ರೋಗಿಗಳ ಪಾಲಿಗೆ ಬಂದುದು ಒಂದು ಗೇಣು ಗದ್ಯ. ದಾನಿಗೂ ಅವನ ವಂಶಕ್ಕೂ ಆಚಾರ್ಯನಿಗೂ ಅವನ ಗುರುಪರಂಪರೆಗೂ ವೃತ್ತಕಂದಗಳು ಸಲ್ಲುವಾಗ ಅನ್ನಾರ್ಥಿಗಳಿಗೆ ಗದ್ಯವೇ ಗತಿಯಾಗಿರುವುದು ಆ ಕಾಲದ ಶಾಸನಗಳ ಸಾಮಾನ್ಯ ಧರ್ಮ. ಅಷ್ಟಾದರೂ ಆ ಇಕ್ಕಟ್ಟಿನಿಂದ ಒಂದು ಗುಣವೂ ಹುಟ್ಟಿದೆ. ಉಸಿರುಬಿಡದೆ ಓದಬೇಕಾದ ಆ ಸಮಾಸವು ಅನ್ನಶಾಲೆಯ ಬಾಗಿಲಿನ ನೂಕುನುಗ್ಗಲಿನಂತೆಯೇ ಇದೆ. ವಿದ್ಯೆಯ ತುಂಡುಗಳ ಅಚ್ಚುಕಟ್ಟಾದ ನಡೆಯ ಬೆನ್ನಿಗೆ ಅದು ಬಂದಾಗ ಓದುಗನು ಪಾಠಶಾಲೆಯಿಂದ ಹೊರಬಂದು ಬೀದಿಗೆ ಇಳಿದಂತಾಗುತ್ತದೆ. ಪಟ್ಟಿಯೆಂಬ ಕಾರಣಕ್ಕೆ ಇದನ್ನು ಸಾಹಿತ್ಯವಲ್ಲವೆಂದು ತಳ್ಳುವವರು ಪಟ್ಟಿಯಲ್ಲದ ಪುರವರ್ಣನೆಯನ್ನು ತೋರಿಸಬೇಕಾದೀತು.

ದಾನವನ್ನು ಹೊಗಳುವ ಬೇರೆ ರೀತಿಯನ್ನು ಇದರೊಡನೆ ಹೋಲಿಸಿದರೆ ವ್ಯತ್ಯಾಸವು ತಿಳಿಯುವುದು. ರನ್ನನು ೯೯೩ರ 'ಅಜಿತಪುರಾಣ'ದಲ್ಲಿ ಹೊಗಳಿದ ಅತ್ತಿಮಬ್ಬೆಯ ದಾನವು ಸಂಖ್ಯೆಗಳ ಮೂಲಕ ಪ್ರಖ್ಯಾತವಾದುದು: ಪೊನ್ನನ 'ಶಾಂತಿಪುರಾಣ'ದ ಸಾವಿರ ಪ್ರತಿಗಳು, ೧೫೦೦ ಜಿನಬಿಂಬಗಳು. ಲಕ್ಕುಂಡಿಯ ೧೦೦೭ರ ಶಾಸನವೂ ಆ ಮಹಾದಾನಿಯನ್ನು ಕೊಂಡಾಡುತ್ತದೆ. ಅಲ್ಲಿ ದೃಷ್ಟಿಯೆಲ್ಲ ಕೊಟ್ಟವಳ ಮೇಲೆ. ಎಷ್ಟು ಕೊಟ್ಟಳೆಂಬುದು ತಿಳಿಯುತ್ತದೆ. ಪ್ರತಿಯನ್ನು ಕೈಯಲ್ಲಿ ಹಿಡಿದವರು ಯಾರೆಂಬುದು ಪ್ರಶ್ನೆಯೇ ಆಗುವುದಿಲ್ಲ. ಬಳ್ಳಿಗಾವೆಯ ಖಂಡದಲ್ಲಿ ಎಷ್ಟೆಂಬುದು ಇಲ್ಲವೇ ಇಲ್ಲ, ಯಾರಿಗೆಂಬುದೇ ಎಲ್ಲ. ದಾನಿಯು ಬಿಜ್ಜಳನಂತಹ ಪ್ರಭುವಾಗಿದ್ದರೂ ಈ ಖಂಡದ ಮಟ್ಟಿಗೆ ಅವನು ಮರೆಯಲ್ಲಿ ನಿಂತಿರುವನು.

ಎಷ್ಟೆಂಬುದು ಇಲ್ಲದಿರುವುದೇ ಚರಿತ್ರಕಾರನಿಗೆ ತೊಡಕು. ತಮಿಳುನಾಡಿನ ತಿರುಮುಕ್ಕೂಡಲಿನಲ್ಲಿ ಚೋಳ ವೀರರಾಜೇಂದ್ರನ ಕಾಲದ, ಸುಮಾರು ೧೦೬೯ರ, ಶಾಸನವಿದೆ. ಅಲ್ಲಿಯ ಆತುರಶಾಲೆಗೆ ೧೫ ಹಾಸಿಗೆಗಳು. ವೈದ್ಯನೊಬ್ಬ, ಶಸ್ತ್ರಚಿಕಿತ್ಸಕನೊಬ್ಬ, ಶುಶ್ರೂಷೆಯ ಹೆಂಗಸರು, ಕ್ಷೌರಿಕ, ಇವರವರ ಜೀತ. ವರ್ಷಕ್ಕೆ ಸಂಗ್ರಹಿಸಿಡಬೇಕಾದ ಔಷಧಗಳ ಹೆಸರುಗಳು. ಅದನ್ನು ಓದಿದವನು ಆಸ್ಪತ್ರೆಯೆಂಬ ಪದವನ್ನು ಧೈರ್ಯವಾಗಿ ಉಪಯೋಗಿಸಬಹುದು. ಕನ್ನಡನಾಡಿನಲ್ಲಿಯೇ ಸಾಲೋಟಗಿಯ ೯೪೫ರ ಶಾಸನವು ವಿದ್ಯಾರ್ಥಿಗಳ ೨೭ ವಸತಿಗಳನ್ನೂ, ಅವರ ಜೀವನಕ್ಕೆ ೫೦೦ ನಿವರ್ತನ ಭೂಮಿಯನ್ನೂ, ದೀಪಕ್ಕೆ ೧೨ ನಿವರ್ತನವನ್ನೂ ಲೆಕ್ಕವಿಟ್ಟು ಹೇಳಿದೆ. ಊರಿನ ಬ್ರಾಹ್ಮಣರು ಮದುವೆಗೆ ಐದು ಹಣ, ಉಪನಯನಕ್ಕೆ ಅದರರ್ಧ, ಚೌಲಕ್ಕೆ ಅದರ ಅರ್ಧ ಶಾಲೆಗೆ ಸಲ್ಲಿಸಬೇಕೆಂಬ ಕಟ್ಟಳೆಯೂ ಅದರಲ್ಲಿದೆ. ಕೋಡಿಯ ಮಠದ ವರ್ಣನೆಯಲ್ಲಿ ಹಾಸಿಗೆಯೂ ಇಲ್ಲ, ವೈದ್ಯನ ಹೆಸರೂ ಇಲ್ಲ, ಅಕ್ಕಿಯ ಅಳತೆಯೂ ಇಲ್ಲ. ಆದುದರಿಂದ ಅಲ್ಲಿ ರೋಗಿಗಳಿಗೆ ಔಷಧ ಸಿಕ್ಕುತ್ತಿದ್ದಿತೆಂದು ಹೇಳಬಹುದೇ ಹೊರತು ಆಸ್ಪತ್ರೆಯಿದ್ದಿತೆಂದು ಹೇಳುವುದು ಪ್ರಮಾಣವನ್ನು ಮೀರಿದ ಮಾತು. ವಿಶ್ವವಿದ್ಯಾನಿಲಯವೆಂಬ ಹೆಸರಂತೂ ಆ ಮಠಕ್ಕೆ ಏನನ್ನೂ ಕೂಡಿಸುವುದಿಲ್ಲ. ಶಾಸನದ 'ಸ್ಥಾನ' ಎಂಬ ಪದವೇ ಅದಕ್ಕಿಂತ ವಿಶಾಲವಾದುದು, ಏಕೆಂದರೆ ಕುರುಡ ಭಿಕ್ಷುಕನಿಗೆ ಎಡೆಯಿರುವುದು ಇದರಲ್ಲಿ.

ಆದರೆ ಪ್ರಮಾಣವಿಲ್ಲವೆಂದ ಮಾತ್ರಕ್ಕೆ ಆ ಕಾರ್ಯವೇ ನಡೆಯಲಿಲ್ಲವೆಂದು ಹೇಳುವವರೂ ಅಷ್ಟೇ ಅವಸರದವರು. ಮಠದ ಆಡಳಿತವು ಬರಿಯ ಗೌರವಪದವಿಯಾಗಿರದೆ ಹೊರೆಯಾಗಿದ್ದಿತೆಂಬುದಕ್ಕೆ ಇದೇ ಮಠದ ೧೧೨೯ರ ಶಾಸನದಲ್ಲಿ ಒಂದು ಸೊಗಸಾದ ಕುರುಹು ಇದೆ. ಆಗಿನ ಆಚಾರ್ಯನಾದ ವಿದ್ಯಾಭರಣನು ಮಠಾಧಿಪತ್ಯವು ತನ್ನ ವಿದ್ಯಾವಿನೋದಕ್ಕೆ ಅಡ್ಡಿಯೆಂದು ಭಾವಿಸಿ, ಆ ಪದವಿಯನ್ನು ಹಿರಿಯ ಶಿಷ್ಯನಾದ ಗೌತಮನಿಗೆ ವಹಿಸಿದನಂತೆ. ಹೊಗಳಿಕೆಗಾಗಿ ಕಲ್ಪಿಸಿದ ಮಾತಿನಂತೆ ಇದು ಕಾಣುವುದಿಲ್ಲ. ಪ್ರಶಸ್ತಿಯ ರೂಢಿಯ ಆಚಾರ್ಯನು ವಿದ್ಯೆಯನ್ನೂ ಆಡಳಿತವನ್ನೂ ಸಲೀಲೆಯಿಂದ ನಿರ್ವಹಿಸತಕ್ಕವನು. ಗದ್ದೆಯ ಹುಟ್ಟುವಳಿ, ಸುಂಕದ ಪಾಲು, ಉಗ್ರಾಣ, ಅಡುಗೆ, ದಿನದಿನವೂ ಬಾಗಿಲಿಗೆ ಬರುವವರ ಕೂಗು, ಇವೆಲ್ಲ ಇದ್ದ ಕಡೆಯಲ್ಲಿಯೇ ಪಂಡಿತನಿಗೆ ಓದಲು ಬಿಡುವಿಲ್ಲದೆ ಹೋಗುವುದು. ವ್ಯಾಕರಣಸ್ಥಾನವೂ ಅನ್ನದಾನಸ್ಥಾನವೂ ಒಂದೇ ಛಾವಣಿಯ ಕೆಳಗೆ ಇರುವುದರ ಕಷ್ಟವನ್ನು ೧೧೬೨ರ ಕವಿಯು ಹೇಳಲಿಲ್ಲ. ೩೩ ವರ್ಷಗಳ ಹಿಂದಿನವನು ಅರಿಯದೆಯೇ ಹೇಳಿಬಿಟ್ಟಿದ್ದಾನೆ.

ದತ್ತಿಯ ಸಂದರ್ಭವೂ ವಿಚಾರಾರ್ಹವಾಗಿದೆ. ಚಾಲುಕ್ಯರ ಅಧೀನತೆಯನ್ನು ಕಳಚಿಕೊಂಡು ಸಾರ್ವಭೌಮನಾಗಿ ನಿಂತ ಬಿಜ್ಜಳನು ದಕ್ಷಿಣದ ನಾಡುಗಳನ್ನು ವಶಪಡಿಸಿಕೊಳ್ಳಲು ಬಂದು ಬಳ್ಳಿಗಾವೆಯಲ್ಲಿ ಬೀಡುಬಿಟ್ಟಿದ್ದಾಗ, ಅವನ ಅಧಿಕಾರಿಯಾದ ಕಸಪಯ್ಯ ನಾಯಕನು ಈ ಮಠಕ್ಕೆ ಧರ್ಮವನ್ನು ಮಾಡಬೇಕೆಂದು ಬಿನ್ನೈಸಿದನು. ಚಾಲುಕ್ಯರು ಪೋಷಿಸಿದ ಮಠವನ್ನು ಹೊಸ ಪ್ರಭುವು ಕೈಬಿಡಲಿಲ್ಲವೆಂದು ಊರಿಗೆ ತಿಳಿಯುವುದು ಬಿಜ್ಜಳನಿಗೆ ಪ್ರಯೋಜನಕರವಾಗಿಯೇ ಇದ್ದಿತು. ಅನ್ನದಾನದ ಪಟ್ಟಿಯಲ್ಲಿ ಎಲ್ಲ ಮತಗಳ ಭಿಕ್ಷುಗಳನ್ನೂ ಹೆಸರಿಸಿರುವುದರಲ್ಲಿ ಈ ರಾಜನೀತಿಯ ಲೇಶವಿದ್ದರೂ ಇರಬಹುದು. ಆದರೆ ರಾಜನ ಕಾರಣವು ಯಾವುದೇ ಆಗಲಿ, ಉಣ್ಣುವವನ ತಟ್ಟೆಗೆ ಅದರಿಂದ ಭೇದವಿಲ್ಲ.

ಅದೇ ಬಿಜ್ಜಳನ ಆಳ್ವಿಕೆಯಲ್ಲಿ, ಅವನ ಭಂಡಾರಿಯೆಂದು ಪರಂಪರೆಯು ಹೇಳುವ ಬಸವಣ್ಣನ ಮನೆಯಲ್ಲಿ, ಅನ್ನವಿಕ್ಕುವುದಕ್ಕೆ ಬೇರೊಂದು ಹೆಸರು ಹುಟ್ಟುತ್ತಿದ್ದಿತು. ದಾನವೆಂಬ ಮಾತಿನಲ್ಲಿ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ. ದಾಸೋಹವೆಂಬ ಮಾತಿನಲ್ಲಿ ಬಡಿಸುವವನೇ ದಾಸ. ಕೋಡಿಯ ಮಠದ ಗದ್ಯವು ಈ ತಿರುವನ್ನು ಕಾಣಲಿಲ್ಲ. ಕಾಣಬೇಕಾಗಿತ್ತೆಂದು ನಿರೀಕ್ಷಿಸುವುದು ಅನ್ಯಾಯ. ದತ್ತಿಯನ್ನು ಸ್ವೀಕರಿಸುವ ಮಠದ ಶಾಸನವು ದಾನವೆಂಬ ಪದವನ್ನು ಶಂಕಿಸಲು ಸಾಧ್ಯವಿರಲಿಲ್ಲ. ವಚನಗಳ ಹಿನ್ನೆಲೆಯಲ್ಲಿ ಈ ಶಾಸನವನ್ನು ಕೇವಲ ಹಳೆಯ ವ್ಯವಸ್ಥೆಯ ಕೂಗೆಂದು ಎಣಿಸುವವರು ಮಾತ್ರ ಅದರ ಪಟ್ಟಿಯನ್ನು ಇನ್ನೊಮ್ಮೆ ಓದುವುದು ಒಳ್ಳೆಯದು. ದಾಸೋಹದಲ್ಲಿ ಮುಖ್ಯನಾದವನು ಜಂಗಮ, ಶಿವನ ಚಿಹ್ನೆಯನ್ನು ಧರಿಸಿದವನು. ಕಾಳಾಮುಖರ ಅನ್ನಶಾಲೆಯಲ್ಲಿ, ಶಾಸನದ ಮಾತನ್ನು ನಂಬುವುದಾದರೆ, ಜಿನನ ಭಿಕ್ಷುವಿಗೂ ತ್ರಿದಂಡಿಗೂ ಒಂದೇ ಸಾಲು. ಅನ್ನವನ್ನು ಕುರಿತ ಈ ಎರಡು ಭಾವನೆಗಳಲ್ಲಿ ಯಾವುದು ಹೆಚ್ಚು ಉದಾರವೆಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ.

ಶಾಸನದ ವಾದ್ಯಗಾರನ ವಿಷಯವಾಗಿ ಇನ್ನೊಂದು ಮಾತು ಉಳಿದಿದೆ. ಹರಿಹರನ 'ಪ್ರಭುದೇವರ ರಗಳೆ'ಯಲ್ಲಿ ಅಲ್ಲಮನು ಬಳ್ಳಿಗಾವೆಯವನು, ನಾಗವಾಸದ ಅಧಿಪತಿಯ ಮಗ, ಮದ್ದಳೆಯಲ್ಲಿ ನಿಪುಣ. ಕಮಲತೆಯನ್ನು ಒಲಿದು, ಅವಳನ್ನು ಕಳೆದುಕೊಂಡು, ಮರುಳನಂತೆ ಅಲೆದವನು. ಈ ಕಥೆಯು ಚಾರಿತ್ರಿಕವೇ ಎಂಬುದು ಇಲ್ಲಿ ಪ್ರಕೃತವಲ್ಲ. ದೇವಾಲಯದ ವಾದ್ಯಗಾರರು, ನರ್ತಕಿಯರು, ಗಾಯಕರು ಆ ಪಟ್ಟಣದಲ್ಲಿ ಒಂದು ಸಮೂಹವಾಗಿ ಇದ್ದರೆಂಬ ನೆನಪು ಕಥೆಯಲ್ಲಿ ಉಳಿದಿದೆ. ಶಾಸನದ ಸಮಾಸದಲ್ಲಿ ಹೆಸರಿಲ್ಲದೆ ನಿಂತ ವಾದಕನ ಜೊತೆಗಾರರು ಇವರೇ. ರಗಳೆಯ ಆ ಭಾಗವನ್ನು ಪಾಠ ಹೇಳುವ ಅಧ್ಯಾಪಕರು ಶಾಸನದ ಗದ್ಯಖಂಡವನ್ನೂ ವಿದ್ಯಾರ್ಥಿಗಳ ಮುಂದಿಟ್ಟರೆ, ಮದ್ದಳೆಯವನು ತನ್ನ ಮೇಳದಿಂದ ದೂರವಾಗಿ ಅಲೆಯುವಾಗ ಅವನಿಗೆ ಯಾವ ಬಾಗಿಲಿನಲ್ಲಿ ಅನ್ನ ಸಿಕ್ಕುತ್ತಿದ್ದಿತೆಂಬುದನ್ನು ಅವರು ಕೇಳದೆ ಇರಲಾರರು.